ಮೀಟರನ್ನು ಪುಣೆಗೆ ಹೊತ್ತು ಹೋದದ್ದು

ವಾಡಿಯಲ್ಲಿ ರೈಲು ಹತ್ತಿದಾಗ ನನ್ನ ಜೊತೆಗಿದ್ದದ್ದು ಒಂದು ಮರದ ಪೆಟ್ಟಿಗೆ. ಒಳಗೆ ನಮ್ಮ ಯುರೇನಿಯಂ ಕಾರ್ಖಾನೆಯ ಮೀಟರು. ಕೊಳವೆಯಲ್ಲಿ ಎಷ್ಟು ದ್ರಾವಣ ಹರಿಯಿತೆಂದು ಅದು ಹೇಳಬೇಕು. ನಡುವೆ ಯಾರೂ ಕದ್ದೊಯ್ದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅದು ಸರಿಯಾಗಿ ಅಳೆಯುತ್ತದೆಯೇ ಎಂದು ಪುಣೆಯ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಬೇಕಿತ್ತು. "ಪರೀಕ್ಷೆ ಪಾಸಾಗದೆ ಬರಬೇಡಯ್ಯ, ನಿನ್ನ ನೌಕರಿ ಖಾಯಂ ಆಗೋದೂ ಈ ತಿಂಗಳೇ," ಎಂದಿದ್ದರು ಸಾಹೇಬರು. ಅವರ ಮೂಗಿನ ದನಿಯಲ್ಲೇ ಅದನ್ನು ಸೊಲ್ಲಾಪುರದವರೆಗೆ ಪೆಟ್ಟಿಗೆಗೆ ಹೇಳಿದೆ. ಅದು ನಗಲಿಲ್ಲ. ಒಳಗೇನಿದೆ ಎಂದು ಎದುರಿನ ಅಜ್ಜಿ ಕೇಳಿದಾಗ ಹಾರ್ಮೋನಿಯಂ ಅಂದೆ.

ಪ್ರಯೋಗಶಾಲೆಗೆ ಎರಡು ದಿನ ರಜೆ. ಶಿವಾಜಿನಗರದ ಲಾಡ್ಜಿನಲ್ಲಿ ಕೂತೆ. ಬೆಳಿಗ್ಗೆ ಪೋಹೆ, ಮಧ್ಯಾಹ್ನ ಮಿಸಳ್, ಹೊರಗೆ ಜಿನುಗು ಮಳೆ. ಕನ್ನಡಿಯ ಮುಂದೆ ಲಾಡ್ಜಿನ ಮ್ಯಾನೇಜರನಾಗಿ ಮರಾಠಿಯಲ್ಲಿ ನನ್ನನ್ನೇ ಬೈದೆ, ಕ್ಷಮೆಯನ್ನೂ ನಾನೇ ಕೇಳಿದೆ. ಕೋಣೆಯಲ್ಲಿ ಇಬ್ಬರಿದ್ದಂತಾಯಿತು.

ಮೂರನೆಯ ದಿನ ಬಸ್ಸಿಗೆ ನಲವತ್ತು ಪೈಸೆ ಕೊಟ್ಟು ಊರಾಚೆಯ ಪ್ರಯೋಗಶಾಲೆಗೆ ಹೋದೆ. ಅಲ್ಲಿ ಪರೀಕ್ಷೆ ಮಾಡುವವರು ಧಾರವಾಡದ ಜೋಶಿ.

"ಬರ್ರಿ, ಕನ್ನಡದವ್ರು ಬಂದ್ರಿ, ಭಾಳ ಛಲೋ ಆತು."

"ಭಾಳ ಛಲೋ ಆತ್ರಿ," ಎಂದೆ, ಅವರದೇ ದನಿಯಲ್ಲಿ. ಅವರು ನಕ್ಕರು. ಮೂರು ದಿನದಲ್ಲಿ ನನ್ನ ಮಾತಿಗೆ ನಕ್ಕ ಮೊದಲ ಮನುಷ್ಯ.

ಮೀಟರಿನ ಮೂಲಕ ನೀರು ಹರಿಸಿ, ಕೆಳಗಿನ ತೊಟ್ಟಿಯಲ್ಲಿ ತೂಗುವುದು ಅಲ್ಲಿಯ ಪದ್ಧತಿ. ಮೀಟರನ್ನು ಇಬ್ಬರು ಬೇರೆಬೇರೆಯಾಗಿ ಓದಿ, ಚೀಟಿಯಲ್ಲಿ ಬರೆದು, ಆಮೇಲೆ ಒಟ್ಟಿಗೆ ಬಿಚ್ಚಬೇಕು. ಜೋಶಿ ಮೊದಲು ಓದಿ, ಹಿಂತಿರುಗುತ್ತ "ನೂರು ಲೀಟರ್" ಎಂದು ಗೊಣಗಿದರು. ನನಗೆ ಮುಳ್ಳು ತೊಂಬತ್ತಾರರಲ್ಲಿ ಕಂಡಿತ್ತು. ನೂರು ಎಂದೇ ಬರೆದೆ.

ಚೀಟಿ ಬಿಚ್ಚಿದರು. ಅವರದರಲ್ಲಿ ತೊಂಬತ್ತಾರು.

"ನಾ ಬೇಕಂತ ಸುಳ್ಳು ಗೊಣಗಿದ್ನಿ. ನನ್ನ ದನಿ ತಗೊಂಡ್ರಿ, ನಕ್ಕೆ. ನನ್ನ ಅಂಕಿನೂ ತಗೊಂಡ್ರಲ್ಲಾ. ನಿಮ್ಮ ಕಣ್ಣು ಯಾವ ಲಾಡ್ಜಿನ್ಯಾಗ ಬಿಟ್ಟು ಬಂದ್ರಿ?"

ಅಣಕಿಸಲು ನನ್ನಲ್ಲಿ ಯಾರ ದನಿಯೂ ಉಳಿದಿರಲಿಲ್ಲ. "ಇನ್ನೊಮ್ಮೆ ಹರಿಸೋಣ," ಎಂದೆ.

ಇನ್ನೂ ಮೂರು ಸಲ ಹರಿಸಿದೆವು. ತೊಟ್ಟಿಯಲ್ಲಿ ನೂರು, ಇಬ್ಬರ ಚೀಟಿಯಲ್ಲೂ ತೊಂಬತ್ತಾರು. ನೂರರಲ್ಲಿ ನಾಲ್ಕು ಲೀಟರು ಈ ಸಾಕ್ಷಿಯ ಕಣ್ಣು ತಪ್ಪಿಸಿ ಹೋಗುತ್ತಿದ್ದವು. ಜೋಶಿ 'ನಪಾಸು' ಎಂದು ಬರೆದು, ಪೆನ್ನನ್ನು ನನ್ನ ಕಡೆಗೆ ತಳ್ಳಿದರು.

"ನಿಮ್ಮ ಸಾಹೇಬ್ರು ಏನಂತಾರ?"

ಆ ಮೂಗಿನ ದನಿ ನಾಲಗೆ ತುದಿಗೆ ಬಂತು. ನುಂಗಿಕೊಂಡು ಸಹಿ ಹಾಕಿದೆ.

ಹಿಂತಿರುಗುವ ರೈಲಿನಲ್ಲಿ ಕಿಟಕಿಯ ಪಕ್ಕದವರು ಪೆಟ್ಟಿಗೆಯಲ್ಲೇನು ಎಂದು ಕೇಳಿದರು. "ಮೀಟರು. ಕೆಟ್ಟಿದೆ," ಎಂದೆ. ಅವರು ಪೇಪರಿನತ್ತ ತಿರುಗಿದರು. ಪುಣೆಯ ದೀಪಗಳು ಹಿಂದೆ ಸರಿಯುವವರೆಗೂ ಆ ಎರಡು ಮಾತನ್ನು ಒಳಗೊಳಗೇ ಹೇಳಿಕೊಂಡೆ, ವಾಡಿಯ ಆಚೆ ಸಾಹೇಬರ ಎದುರಿಗೂ ಇದೇ ನನ್ನ ಸ್ವಂತ ದನಿಯಲ್ಲಿ ಬರಲಿ ಎಂದು.