ಎಡಕ್ಕೆ ಹೊಡೆಯುವ ಬಂದೂಕಿನ ಬೆಲೆ

ಶಿಕಾರಿಪುರದಿಂದ ಮದುವೆಯಾಗಿ ಸೊರಬಕ್ಕೆ ಬಂದ ಹೊಸದರಲ್ಲಿ ನನ್ನ ಮಾತು ಕೇಳಿ ಬೀದಿಯವರಿಗೆಲ್ಲ ನಗು. ನಾನು ‘ಐತ್ರಿ’, ‘ಬ್ಯಾಡ್ರಿ’ ಅನ್ನುವವಳು. ಅವರು ‘ಇದೆ ಕಣೆ’, ‘ಬೇಡ ಮಾರಾಯ್ತಿ’ ಅನ್ನುವವರು. ಎರಡೂ ಊರಿಗೆ ಸಮನಾಗಿ ಇದ್ದದ್ದು ಮಂಗಗಳ ಕಾಟ ಒಂದೇ. ತೊಂಬತ್ತರ ದಶಕದ ಶುರುವಿನ ಮಾತು. ನಮ್ಮದು ಪೇಟೆಯೊಳಗಿನ ಹೆಂಚಿನ ಮನೆ, ಹಿತ್ತಲಲ್ಲಿ ನಾಲ್ಕು ಬಾಳೆ, ಒಂದು ಸೀಬೆ ಮರ, ಹೀರೆಯ ಚಪ್ಪರ. ಮಂಗಗಳಿಗೆ ಇದೆಲ್ಲ ನೆಪ ಅಷ್ಟೇ. ಅವುಗಳ ನಿಜವಾದ ಖುಷಿ ಹೆಂಚು ಎತ್ತುವುದರಲ್ಲಿತ್ತು. ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದಾಗ ಮೇಲಿನ ಹೆಂಚು ಸರಿದು, ಬಿಸಿಲು ಬಿತ್ತು; ಬಿಸಿಲಿನ ನಡುವೆ ಒಂದು ಮುಖ ಕಾಣಿಸಿತು. ಅತ್ತೆ ಕಡಗೋಲು ಎತ್ತಿದರು. ಆ ಮುಖ ಹೋಯಿತು, ಹೆಂಚು ಮಾತ್ರ ಮಜ್ಜಿಗೆಯ ಪಾತ್ರೆಯೊಳಕ್ಕೆ ಬಿತ್ತು.

ನನ್ನ ಗಂಡ ಬಸ್ಸಿನ ಕಂಡಕ್ಟರ್. ಊರೂರಿನ ಸುದ್ದಿ ಮನೆಗೆ ತರುತ್ತಿದ್ದವರು ಅವರೇ. ಶಿರಾಳಕೊಪ್ಪದ ಸಂತೆಯಲ್ಲಿ ಬಲೂನಿಗೆ ಗುರಿ ಇಟ್ಟು ಹೊಡೆಯುವ ಆಟ ನಡೆಸುತ್ತಿದ್ದ ಸಾಹೇಬರು ಮಂಡಿ ನೋವಿನಿಂದ ಅಂಗಡಿ ಮುಚ್ಚುತ್ತಿದ್ದಾರಂತೆ, ಏರ್‌ಗನ್‌ಗಳನ್ನು ಮಾರುತ್ತಾರಂತೆ ಎಂದು ಅವರು ಹೇಳಿದಾಗ ಅತ್ತೆ ಅಂದರು: “ಹೊಡಿಯೋದು ಬೇಡ, ಅವಕ್ಕೂ ಜೀವ ಅಲ್ವಾ? ಹೆದರ್ಸಿದ್ರೆ ಸಾಕು. ಒಂದು ತಂದ್ಬಿಡಾಣ.”

ಮಾವನವರದು ಕಿರಾಣಿ ಅಂಗಡಿ. ಹುಟ್ಟು ವ್ಯಾಪಾರಸ್ಥರು. ಅಂಗಡಿ ಬಿಟ್ಟು ಬರಲಾರೆನೆಂದು ಅತ್ತೆಗೂ ನನಗೂ ಆರುನೂರು ರೂಪಾಯಿ ಕೊಟ್ಟು, ಪಾಠವನ್ನೂ ಹೇಳಿಕೊಟ್ಟರು. “ಮುನ್ನೂರಿಂದ ಶುರು ಮಾಡು. ಅವ್ರು ಏನೇ ತೋರ್ಸಲಿ, ಮುಖ ಸಿಂಡರಿಸ್ಕೊಂಡೇ ನಿಂತಿರು. ಕೊಳ್ಳೋರ ಮುಖದಲ್ಲಿ ನಗು ಕಂಡ್ರೆ ಬೆಲೆ ಏರ್ತದೆ.”

ಅತ್ತೆ ಬಸ್ಸಿನಲ್ಲೇ ಮುಖ ಸಿಂಡರಿಸಿಕೊಂಡು ಕೂತರು. ಶಿರಾಳಕೊಪ್ಪ ಬರುವ ಹೊತ್ತಿಗೆ ಅದು ಚೆನ್ನಾಗಿ ಕೂಡಿಬಂದಿತ್ತು.

ಸಾಹೇಬರು ಬಿಳಿ ಗಡ್ಡದ, ತೆಳ್ಳನೆಯ ಮನುಷ್ಯ. ಸಂತೆಯ ಅಂಚಿನಲ್ಲಿ ಬಲೂನಿನ ಹಲಗೆಯನ್ನು ಗೋಡೆಗೆ ಒರಗಿಸಿ, ಎರಡು ಬಂದೂಕುಗಳನ್ನು ಗೋಣಿಚೀಲದ ಮೇಲೆ ಮಲಗಿಸಿ ಕೂತಿದ್ದರು. ನನ್ನ ತವರಿನ ಮಾತೇ ಅವರದು. ಕೇಳಿದ ಕೂಡಲೇ ನನಗೆ ಹಿತವಾಯಿತು.

“ಇದು ಎಂಟ್ನೂರ್ರಿ ಅಮ್ಮಾರೆ. ಇದು ಐನೂರು.”

“ಎರಡೂ ಒಂದೇ ಥರ ಕಾಣ್ತಾವಲ್ಲ ಸಾಹೇಬ್ರೆ. ಫರಕ್ ಯಾಕೆ?” ಅಂದರು ಅತ್ತೆ, ಮುಖ ಹಾಗೇ ಇಟ್ಟುಕೊಂಡು.

“ಈ ಐನೂರಿಂದು ಎಡಕ್ಕ ಎಳೀತೈತ್ರಿ. ಗಿರಾಕಿ ಕೈಗೆ ಕೊಡೋದು ಇದನ್ನ. ನಾನು ಹೊಡದು ತೋರ್ಸೋದು ಅದನ್ನ.” ಸ್ವಲ್ಪವೂ ಅಳುಕದೆ ಹೇಳಿದರು. “ಬಂದೋರೆಲ್ಲ ಬಲೂನು ಒಡಕೊಂತ ಹೋದ್ರ ನಮ್ಮ ಮನಿ ನಡಿಬೇಕಲ್ರೀ.”

ಅತ್ತೆಯ ಮುಖದ ಗಂಟು ಅಲ್ಲಿಗೆ ಬಿಚ್ಚಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕಮೇಲೆ ಮಾವನವರ ಪಾಠ ಮರೆತೇಹೋಯಿತು. “ನಂಗೆ ಬೇಕಾಗಿರೋದು ಸದ್ದು ಮಾತ್ರ. ಮಂಗನಿಗೆ ತಾಗ್ಲೇಬಾರ್ದು. ಹಂಗಾದ್ರೆ ಸೊಟ್ಟದ್ದೇ ನಂಗೆ ಒಳ್ಳೇದು, ಅಲ್ವಾ?”

“ಹೌದಲ್ರೀ. ಹಂಗಾರ ನಿಮ್ಮ ಕಡಿಂದ ಇದಕ್ಕ ಜಾಸ್ತಿ ತಗೋಬೇಕು ನಾನು” ಎಂದು ಅವರೂ ನಕ್ಕರು. ಆಮೇಲೆ ಬಂದೂಕನ್ನು ಕೈಗೆತ್ತಿಕೊಂಡು ಹೇಳಿದರು: “ಇಲ್ರಿ. ಅದರ ಐಬು ಅದರದು, ನಿಮ್ಮ ಅನುಕೂಲ ನಿಮ್ಮದು. ಐನೂರೇ ಕೊಡ್ರಿ. ಒಳಗಿನ ವಾಷರ್ ಸವದೈತಿ, ಅದನ್ನ ಹೊಸದು ಹಾಕ್ಕೊಡ್ತೀನಿ.”

ನಾವು ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ವಾಷರ್ ಹಾಕಿದ್ದರು. ನಳಿಗೆಯನ್ನು ಮುರಿದಂತೆ ಬಗ್ಗಿಸಿ, ಸೀಸದ ಸಣ್ಣ ಗುಂಡು ಇಟ್ಟು, ಮತ್ತೆ ನೆಟ್ಟಗೆ ಮಾಡುವುದನ್ನು ನನಗೆ ಕಲಿಸಿದರು. ಗುಂಡು ಇಡದೆ ಖಾಲಿ ಹೊಡೆದರೆ ಒಳಗೆ ಪೆಟ್ಟು ಬಿದ್ದು ಹಾಳಾಗುತ್ತದೆಂದೂ ಹೇಳಿದರು. ಬಂದೂಕನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸು ಹತ್ತಿದೆವು.

ಮನೆಯಲ್ಲಿ ಮಾವನವರು ಕೇಳಿದ ಮೊದಲ ಮಾತು, “ಮುನ್ನೂರು ಅಂದ್ಯಾ?”

“ಆ ಮನುಷ್ಯ ತಾನೇ ಐಬು ಹೇಳಿದ ಮೇಲೆ ಮುನ್ನೂರು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ ಕಣ್ರೀ.”

“ಐಬು ಹೇಳಿದಾಗಲೇ ಅನ್ಬೇಕು. ನಲ್ವತ್ತು ವರ್ಷ ವ್ಯಾಪಾರಸ್ಥನ ಮನೇಲಿದ್ದು ಏನು ಕಲ್ತೆ ನೀನು?” ಎಂದು ಅವರು ಅಂಗಡಿಗೆ ಹೋದರು.

ಬಂದೂಕು ನನ್ನ ಪಾಲಿಗೆ ಬಂತು. ಅತ್ತೆಗೆ ನಳಿಗೆ ಬಗ್ಗಿಸಲು ತೋಳಿನಲ್ಲಿ ಬಲ ಸಾಲದು, ಗಂಡ ಹಗಲಿಡೀ ಬಸ್ಸಿನಲ್ಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಣಿಯ ಎರಡನೇ ಮೆಟ್ಟಿಲಲ್ಲಿ ನಿಂತು ನಾನು ಆಕಾಶಕ್ಕೆ ಮೊದಲ ಗುಂಡು ಹಾರಿಸಿದ ದಿನ ಅಕ್ಕಪಕ್ಕದ ಮನೆಯವರೆಲ್ಲ ಹಿತ್ತಲಿಗೆ ಬಂದಿದ್ದರು. ಮಂಗಗಳು ಹಾರಿ ಓಡಿದವು. ಎದುರು ಮನೆಯ ಅಜ್ಜಿ, “ಶಿಕಾರಿಪುರದವ್ರು ಬಂದೂಕೂ ಬಳುವಳಿ ಕೊಡ್ತಾರೇನೇ?” ಅಂದರು. ನಾಚಿಕೆಯಾಯಿತು. ಆದರೂ ಮರುದಿನ ಮಂಗಗಳು ಯಾವಾಗ ಬಂದಾವೋ ಎಂದು ಕಾದೆ.

ಕ್ರಮೇಣ ಮಂಗಗಳ ನೆಪ ಬೇಡವಾಯಿತು. ಮಧ್ಯಾಹ್ನ ಅತ್ತೆ ಅಡ್ಡಾದಾಗ ಹಿತ್ತಲಿನ ಕಲ್ಲಿನ ಮೇಲೆ ತೆಂಗಿನ ಚಿಪ್ಪು ಇಟ್ಟು ಹೊಡೆಯುತ್ತಿದ್ದೆ. ನೇರ ಗುರಿ ಇಟ್ಟರೆ ಗುಂಡು ಎಡಗಡೆಯ ಮಣ್ಣುಗೋಡೆಗೆ ಹೋಗುತ್ತಿತ್ತು. ಒಂದು ಗೇಣು ಬಲಕ್ಕೆ ಇಟ್ಟರೆ ಚಿಪ್ಪು ಠಣ್ಣನೆ ಉರುಳುತ್ತಿತ್ತು. ಒಮ್ಮೆ ಸ್ನಾನದ ಹಂಡೆಗೂ ತಾಗಿ, ಅದರ ತಗ್ಗನ್ನು ಅತ್ತೆ ಬಹಳ ದಿನ ಮಂಗಗಳ ಲೆಕ್ಕಕ್ಕೇ ಬರೆದಿದ್ದರು. ಹೊಸ ಊರು, ಹೊಸ ಮನೆ, ಎಲ್ಲದಕ್ಕೂ ಕೇಳಿ ಮಾಡಬೇಕಿದ್ದ ಕಾಲದಲ್ಲಿ ಆ ಅರ್ಧ ಗಂಟೆ ನನ್ನದಾಗಿತ್ತು.

ಕೆಲವು ವರ್ಷಗಳ ಮೇಲೆ ಹೆಂಚು ತೆಗೆಸಿ ತಾರಸಿ ಹಾಕಿಸಿದೆವು. ಎತ್ತಲು ಹೆಂಚೇ ಇಲ್ಲವಾದ ಮೇಲೆ ಮಂಗಗಳಿಗೆ ನಮ್ಮ ಮನೆಯಲ್ಲಿ ಆಸಕ್ತಿ ಉಳಿಯಲಿಲ್ಲ. ಬಂದೂಕು ಮಾರುವುದೆಂದಾಯಿತು. ಮಾವನವರ ಅಂಗಡಿಗೆ ಬರುತ್ತಿದ್ದ ಜಡೆ ಎಂಬ ಊರಿನ ಕಡೆಯ ರೈತರೊಬ್ಬರು ಬಾಳೆತೋಟಕ್ಕೆ ಬೇಕೆಂದು ಬೈಕಿನಲ್ಲಿ ಮನೆಗೆ ಬಂದರು.

“ಹೊಸದಕ್ಕೀಗ ಎರಡು ಸಾವಿರದ ಮೇಲಿದೆ. ಒಂಬೈನೂರು ಕೊಡಿ” ಎಂದು ಮಾವನವರು ಶುರುಮಾಡಿದರು.

ಕಾಫಿ ತಂದ ಅತ್ತೆ ಲೋಟ ಇಡುತ್ತಲೇ, “ಅಷ್ಟೆಲ್ಲ ಬಾಳೋದಿಲ್ಲಪ್ಪಾ. ಐನೂರಕ್ಕೆ ತಂದದ್ದು. ಎಡಕ್ಕೆ ಹೋಗ್ತದೆ, ಸ್ಪ್ರಿಂಗೂ ಸಡಿಲ ಆಗಿದೆ. ಮುನ್ನೂರು ಕೊಡಿ” ಅಂದರು.

ಮಾವನವರು ಕೆಮ್ಮಿದರು. ಅತ್ತೆ ನೀರು ತಂದುಕೊಟ್ಟರು.

ರೈತರು ಇಬ್ಬರ ಮುಖವನ್ನೂ ನೋಡಿ, ಬಂದೂಕು ತಿರುಗಿಸಿ ನೋಡಿ, ಕಾಫಿ ಮುಗಿಸಿ, “ಯೋಚ್ನೆ ಮಾಡಿ ಬರ್ತೀನಿ” ಎಂದು ಹೋದವರು ಬರಲೇ ಇಲ್ಲ. ಮನೆಯಲ್ಲಿ ಅದೇ ಚರ್ಚೆ. ಕೊಳ್ಳುವವನು ಎಷ್ಟು ಕೊಡುತ್ತಾನೋ ಅದೇ ಬೆಲೆ ಎಂದು ಮಾವ. ವಸ್ತು ಎಷ್ಟು ಬಾಳುತ್ತದೋ ಅದೇ ಬೆಲೆ ಎಂದು ಅತ್ತೆ.

ಒಂದು ದಿನ ಮಾವನವರ ಊಟದ ಹೊತ್ತಿಗೆ ನಾನು ಅಂಗಡಿಯಲ್ಲಿ ಕೂತಿದ್ದಾಗ ಆ ರೈತರು ಸಾಮಾನಿಗೆ ಬಂದರು. ಸಕ್ಕರೆ ಕಟ್ಟುತ್ತಿದ್ದಂತೆ ಮೆಲ್ಲಗೆ ಕೇಳಿದರು: “ಅಕ್ಕಾರೆ, ನಿಜ ಹೇಳಿ. ಆ ಬಂದೂಕಲ್ಲಿ ಏನಿದೆ? ಯಜಮಾನ್ರು ಒಂಬೈನೂರು ಅಂದಷ್ಟಕ್ಕೇ ನಿಂತಿದ್ರೆ ನಾನು ಆರ್ನೂರು ಕೊಟ್ಟು ಒಯ್ತಿದ್ದೆ. ಅಮ್ಮಾರು ತಾವಾಗೇ ಮುನ್ನೂರು ಅಂದ್ರಲ್ಲ, ಅದಕ್ಕೇ ಹೆದರಿಕೆ ಆತು. ಇಷ್ಟು ಹೇಳೋರು ಇನ್ನೆಷ್ಟು ಮುಚ್ಚಿಟ್ಟಿರ್ಬೇಕು ಅಂತ.”

ನನಗೆ ನಗು ತಡೆಯಲಾಗಲಿಲ್ಲ. ಮಾವನವರು ಬಂದಮೇಲೆ ಆ ರೈತರನ್ನು ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ ಚಿಪ್ಪು ಇಟ್ಟೆ. ನೇರ ಹೊಡೆದು ತಪ್ಪಿಸಿದೆ. ಬಲಕ್ಕೆ ಹಿಡಿದು ಉರುಳಿಸಿದೆ. ಅವರೂ ಹೊಡೆದರು. ಎರಡು ಸಲ ಗೋಡೆಗೆ ತಾಗಿತು, ಆಮೇಲೆ ಚಿಪ್ಪಿಗೆ. ಅವರ ಮುಖ ಅರಳಿತು.

“ಇಷ್ಟೇ ಐಬು. ಇನ್ನೇನೂ ಇಲ್ಲ. ತಗೊಂಡು ಹೋಗಿ ವಾರ ನೋಡ್ರಿ. ಆಮ್ಯಾಲೆ ನೀವೇ ಬೆಲೆ ಹೇಳ್ರಿ” ಅಂದೆ. ಯಾರನ್ನೂ ಕೇಳದೆ ನಾನು ಆಡಿದ ಮಾತು ಅದು. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ವಾರ ಕಳೆದು ರೈತರು ಒಂದು ಬಾಳೆಗೊನೆಯೊಂದಿಗೆ ಬಂದರು. ಮಾವ, ಅತ್ತೆ ಇಬ್ಬರೂ ಜಗಲಿಯಲ್ಲಿದ್ದರು.

“ಮಂಗಗಳು ಮೂರು ದಿನ ಹೆದರಿದವು. ಈಗ ದೂರ ಕೂತು ನೋಡ್ತಾವೆ. ಆ ಲೆಕ್ಕಕ್ಕೆ ಅಮ್ಮಾರ ಮುನ್ನೂರೇ ಸರಿ. ಆದ್ರೆ ನಮ್ಮಪ್ಪಯ್ಯ ಇದ್ದಾರಲ್ಲ, ಮಳೆಗಾಲದಲ್ಲಿ ಬಿದ್ದಾಗಿಂದ ಮನೆ ಬಿಟ್ಟು ಹೊರಗೆ ಬಂದಿರ್ಲಿಲ್ಲ. ಈಗ ಬೆಳಗಾದ್ರೆ ಬಂದೂಕು ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ಹೊರಡ್ತಾರೆ. ಯಾರಿಗೂ ಮುಟ್ಟೋಕೆ ಕೊಡಲ್ಲ. ಅದಕ್ಕೆ ಇನ್ನೊಂದು ಇನ್ನೂರು ಹಾಕಿದೀನಿ.”

ಅತ್ತೆ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಮಾವನವರು ಹಣ ಜೇಬಿಗಿಟ್ಟಾಗಿತ್ತು. “ಕೊಂಡಷ್ಟಕ್ಕೇ ಹೋಯ್ತು. ಇಷ್ಟು ವರ್ಷ ಪುಕ್ಕಟೆ ಹೊಡ್ದಂಗಾಯ್ತು” ಎಂದು ಅವರಿಗೆ ಸಂತೋಷ. ಅತ್ತೆ ಒಳಗೆ ಹೋಗಿ, ಡಬ್ಬಿ ತುಂಬ ಚಕ್ಕುಲಿ ಹಾಕಿ ಅಪ್ಪಯ್ಯನಿಗೆಂದು ಕಟ್ಟಿಕೊಟ್ಟರು.

ಬೈಕು ಹೋದಮೇಲೆ ನಾನು ಹಿತ್ತಲಿಗೆ ಬಂದು ಸೀಬೆ ಮರದ ಕೆಳಗೆ ನಿಂತಿದ್ದೆ. ಅತ್ತೆ ಹಿಂದೆಯೇ ಬಂದರು.

“ಏನೇ, ಮುಖ ಸಣ್ಣ ಮಾಡ್ಕೊಂಡಿದೀಯ?”

“ನಂಗ ಅದನ್ನ ಕೊಡಾಕ ಮನಸ್ಸಿರ್ಲಿಲ್ಲ ಅತ್ತಿ.” ಬೇಜಾರಾದಾಗ ತವರಿನ ಮಾತೇ ಬರುತ್ತಿತ್ತು.

“ಮೊದ್ಲೇ ಹೇಳ್ಬಾರ್ದಿತ್ತಾ? ನಾವಿಬ್ರೂ ಇಷ್ಟು ದಿನ ಬೆಲೆಗೆ ಜಗಳ ಆಡ್ತಿದ್ವಲ್ಲ.”

ಹೇಳಬಹುದಿತ್ತು. ಆದರೆ ಆ ರೈತರು ತಮ್ಮ ಅಪ್ಪಯ್ಯನ ಮಾತು ಎತ್ತುವವರೆಗೂ ಅದು ನನಗೇ ಗೊತ್ತಿರಲಿಲ್ಲ.