ಮಾಟುಶ್ ಭಾವನ ಬಿಳಿ ಗೆಣ್ಣುಗಳು

ನಮ್ಮ ಅಮೆರಿಕದ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಮುಂದಿನ ಸಾಲಿನಲ್ಲಿ ನಿಂತು ಎದೆಗೊಟ್ಟು ತಡೆಯುವವನ ಹೆಸರು ಅವನ ಹೆಂಡತಿಗೆ ಗೊತ್ತಿದ್ದರೆ ಪುಣ್ಯ. ನನ್ನ ಭಾವ ಮಾಟುಶ್ ಹನ್ನೊಂದು ವರ್ಷ ಆ ಸಾಲಿನಲ್ಲಿದ್ದ. ನನಗಿಂತ ಸ್ವಲ್ಪವೇ ದೊಡ್ಡವನು, ಅದಕ್ಕೇ ಈ ಏಕವಚನ. ವಾರವೆಲ್ಲ ಓಹಾಯೊದ ಉಕ್ಕಿನ ಕುಲುಮೆ, ಭಾನುವಾರ ಈ ಗುದ್ದಾಟ. ಕಿವಿ ಮುದುಡಿತ್ತು, ಮೂಗು ಎರಡು ಸಲ ದಿಕ್ಕು ಬದಲಿಸಿತ್ತು.

ಅವನಿಗೊಂದು ದುರಭ್ಯಾಸ. ನೆಲಕ್ಕೆ ಕೈಯೂರಿ ಬಗ್ಗಿದಾಗ ಗೆಣ್ಣು ಬೆಳ್ಳಗಾದರೆ, ತಲೆ ಮುಂದಿಟ್ಟು ನುಗ್ಗುತ್ತಾನೆ ಎಂದೇ ಅರ್ಥ. ಅದು ಗೊತ್ತಿದ್ದದ್ದು ಅವನ ಅಕ್ಕಪಕ್ಕ ಆಡುತ್ತಿದ್ದ ನನಗೂ ಕ್ಲೆಮ್ ಹ್ಯಾಡ್ಲಿಗೂ ಮಾತ್ರ.

ಆಗ ಆಟಗಾರರಿಗೆ ಊರಿನ ಹಂಗಿರಲಿಲ್ಲ. ಈ ಭಾನುವಾರ ನಮ್ಮ ಕಡೆ ಆಡಿದವನು ಮುಂದಿನ ಭಾನುವಾರ ನದಿಯಾಚೆಯ ಊರಿನ ಪರ ನಿಲ್ಲುತ್ತಿದ್ದ. 1921ರ ನವೆಂಬರಿನಲ್ಲಿ ಹ್ಯಾಡ್ಲಿಯೂ ಹಾಗೇ ಹೋದ. ಅದಕ್ಕೆ ಸ್ವಲ್ಪ ಮೊದಲು ಭಾವನ ಕತ್ತಿಗೆ ಪೆಟ್ಟು ಬಿದ್ದಾಗ ಅವನನ್ನು ಮೈದಾನದಿಂದ ಹೊತ್ತು ತಂದವನು ಇದೇ ಹ್ಯಾಡ್ಲಿ. "ಇನ್ನೊಂದು ಪೆಟ್ಟು ಬಿದ್ರೆ ಏಳೋ ಮಾತೇ ಇಲ್ಲ" ಎಂದು ಡಾಕ್ಟರು ಹೇಳಿದ್ದನ್ನು ಅವನೂ ಕೇಳಿದ್ದ.

ಹ್ಯಾಡ್ಲಿಯ ಹೊಸ ತಂಡದೊಡನೆ ಆಟವಿದ್ದ ದಿನ ಅಕ್ಕ ಜೂಲ್ಕಾ ಬಾಗಿಲಿಗೆ ಅಡ್ಡ ನಿಂತಳು. "ನೀವು ಮಂಚ ಹಿಡಿದ್ರೆ ಮಗ್ಗುಲು ಬದಲಿಸೋಕೂ ನನ್ ಕೈಲಾಗಲ್ಲ ಕಣ್ರೀ, ಅಷ್ಟು ದಪ್ಪ ಇದೀರ!"

"ನನ್ ಜಾಗಕ್ಕೆ ಬೇರೆ ಯಾರಿದಾರೆ ಹೇಳು."

ಅಕ್ಕ ನನ್ನ ಮುಖ ನೋಡಿದಳು. ನಾನು ಬೂಟಿನ ದಾರ ಕಟ್ಟಿಕೊಂಡೆ.

ಕೊನೆಯ ನಿಮಿಷ. ನಾವು ಮೂರು ಅಂಕ ಮುಂದಿದ್ದೆವು. ಅವರು ನಮ್ಮ ಗೋಲಿನ ಗೆರೆಯಿಂದ ಒಂದೇ ಗಜ ದೂರ. ಚೆಂಡು ದಾಟಿದರೆ ಆಟ ಅವರದು. ಭಾವನ ಎದುರಿಗೇ ಹ್ಯಾಡ್ಲಿ.

"ಏನಜ್ಜ, ಇನ್ನೂ ಮನೆಗೆ ಹೋಗಿಲ್ವಾ?" ಎಂದ ಹ್ಯಾಡ್ಲಿ.

"ನಿನ್ ಹಲ್ಲು ಉದುರಿಸಿ ಹೋಗೋಣ ಅಂತಿದೀನಿ ಕಣೋ."

ಭಾವ ಕೈಯೂರಿದ. ಗೆಣ್ಣುಗಳು ಸುಣ್ಣದಂತೆ ಬೆಳ್ಳಗಾದವು. ಹ್ಯಾಡ್ಲಿ ಅದನ್ನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ. ಅವನು ತಲೆ ತಗ್ಗಿಸಿ ಡಿಕ್ಕಿ ಕೊಟ್ಟರೆ ಸಾಕು, ಭಾವನ ಕತ್ತು ಹೋಯಿತು. ನಾನು ಕೂಗಲು ಬಾಯಿ ತೆರೆದೆ.

ಚೆಂಡು ಕದಲಿತು. ಭಾವ ಗೂಳಿಯಂತೆ ನುಗ್ಗಿದ. ಹ್ಯಾಡ್ಲಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ. ಅಡ್ಡಿಯಿಲ್ಲದೆ ಒಳಹೊಕ್ಕ ಭಾವ ಚೆಂಡು ಹಿಡಿದವನ ಸೊಂಟಕ್ಕೆ ಬಿದ್ದು ಅವನನ್ನು ಕೆಡವಿದ. ನಾವು ಗೆದ್ದೆವು. ಜನ ಟೋಪಿ ತೂರಿ ಭಾವನ ಹೆಸರು ಹಿಡಿದು ಕೂಗಿದರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಭಾವ ನೇರ ಹೋಗಿ ಹ್ಯಾಡ್ಲಿಯ ಅಂಗಿ ಹಿಡಿದ. "ಯಾಕೋ ಸರಿದೆ?"

"ಕಾಲು ಜಾರ್ತು."

"ಸುಳ್ಳು ಬೊಗಳಬೇಡ!"

"ಜೂಲ್ಕಾ ಕೈಯೂಟ ಉಂಡಿದೀನಿ ಮಾರಾಯ. ಬಿಡು" ಎಂದ ಹ್ಯಾಡ್ಲಿ.

ಭಾವನ ಹಿಡಿತ ಸಡಿಲವಾಯಿತು. ಮನೆಗೆ ಬಂದವನೇ ಬೂಟು ಬಿಚ್ಚಿ ಅಕ್ಕನ ಮುಂದಿಟ್ಟ. "ಯಾರಿಗಾದ್ರೂ ಕೊಟ್ಬಿಡು."

"ಗೆದ್ರಂತಲ್ಲ?"

"ಎದುರಾಳಿಗೇ ನನ್ನ ನೋಡಿ ಅಯ್ಯೋ ಅನ್ನಿಸ್ತು ಕಣೇ."

ಎಲೆಕೋಸಿನ ಸಾರಿನ ಮುಂದೆ ಕೂತು ಆ ದೈತ್ಯ ಮಗುವಿನಂತೆ ಅತ್ತ. ನನಗೂ ತಡೆಯಲಾಗಲಿಲ್ಲ. ಅಕ್ಕ ಮಾತ್ರ ಅಳಲಿಲ್ಲ. ಅವನ ಮನಸ್ಸು ಬದಲಾಗುವ ಮೊದಲೇ ಆ ಬೂಟುಗಳನ್ನು ಒಲೆಗೆ ಹಾಕಿದಳು.