ಐಸಿನ ಡಬ್ಬಿಯೊಳಗೆ ಕೈಗವಸು

ಹಿಮಾಲಯ ಹತ್ತಲು ಹೊರಟ ನಾನು ಕೈಗವಸು ಕೊಂಡಿದ್ದು ಹುಬ್ಬಳ್ಳಿಯಲ್ಲಿ, ಬೆವರು ಒರೆಸಿಕೊಳ್ಳುತ್ತ. ಸ್ಟೇಷನ್ ಹತ್ತಿರ, ಎಸ್‌ಟಿಡಿ ಬೂತಿನ ನೆರಳಿಗೆ ಮುಂಡಗೋಡ ಕಡೆಯ ಟಿಬೆಟಿ ಅಜ್ಜಿಯೊಬ್ಬಳು ಉಣ್ಣೆಬಟ್ಟೆ ಹರವಿಕೊಂಡು ಕೂತಿದ್ದಳು. ಒಂದು ಜೊತೆ ಹಾಕಿಕೊಂಡು ನೋಡಿ, "ತೆಳ್ಳಗಿದ್ರೂ ಛಲೋ ಬೆಚ್ಚಗ ಅದಾವ ಬಿಡ್ರಿ" ಎಂದೆ.

"ಈ ಬಿಸಲಾಗ ಯಾವುದು ಬೆಚ್ಚಗ ಇರಂಗಿಲ್ರಿ?" ಎಂದ ಅಜ್ಜಿ ಪಕ್ಕದ ಕಬ್ಬಿನಹಾಲಿನ ಅಂಗಡಿಯ ಐಸಿನ ಡಬ್ಬಿ ತೋರಿಸಿದಳು. "ಹಾಕ್ಕೊಂಡ ಕೈ ಹಂಗ ಅದರಾಗ ಇಡ್ರಿ. ನೂರರ ತನಕಾ ಎಣಸ್ರಿ. ಆಮ್ಯಾಲೆ ನಿಮ್ಮ ಬೂಟಿನ ಲೇಸ್ ಬಿಚ್ಚಿ ಕಟ್ರಿ."

ಅರವತ್ತಕ್ಕೆ ಉರಿ ಶುರುವಾಯಿತು. ಎಂಬತ್ತಕ್ಕೆ ಉರಿಯೂ ನಿಂತಿತು. ಹೆದರಿಕೆ ಹುಟ್ಟಿದ್ದು ಆಗ. ನೂರಕ್ಕೆ ಕೈ ತೆಗೆದು ಬಗ್ಗಿದೆ. ಲೇಸು ಹೇಗೋ ಬಿಚ್ಚಿಕೊಂಡಿತು, ಕಟ್ಟಲು ಬರಲಿಲ್ಲ. ಕಣ್ಣಿಗೆ ಕಾಣುತ್ತಿದ್ದ ದಾರ ಬೆರಳಿಗೆ ಸಿಗುತ್ತಲೇ ಇರಲಿಲ್ಲ.

ಅಜ್ಜಿ ನಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ತಾನೇ ಬಿಗಿಯಾಗಿ ಕಟ್ಟಿದಳು.

"ಇಲ್ಲಿ ನಾ ಕಟ್ಟೇನಿ. ಅಲ್ಲಿ?"

ಮೇಲೆ ಹಾಕಿಕೊಳ್ಳಲು ದಪ್ಪನೆಯ ಇನ್ನೊಂದು ಜೊತೆ ಕೊಟ್ಟಳು. ಇದನ್ನು ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆರಳು ಆಗಲೇ ಬೆಚ್ಚಗಾಗಿವೆ. ಸುತ್ತಲಿನವರೆಲ್ಲ ಚಪ್ಪಲಿ ಬಿಟ್ಟು ಕಾಲು ಚಾಚಿದ್ದಾರೆ. ಆ ಗಂಟು ಬಿಚ್ಚಲು ನನಗಿನ್ನೂ ಧೈರ್ಯವಾಗುತ್ತಿಲ್ಲ.